ಸೊಸೆಯ ಮಗ್ಗಕ್ಕೆ ಅವ್ವ ಇಳಿದಳು

"ಎದ್ದ ಬಾರವಾ. ಕೂಸು ಕೈಗಿ ಬರೂತನಾ ಈ ಮಗ್ಗ ನಂದು" ಎನ್ನುತ್ತ ಅವ್ವ, ಏಳು ತಿಂಗಳ ಬಸುರಿ ಸೊಸೆಗೆ ಕೈಕೊಟ್ಟು ಮಗ್ಗದ ಕುಣಿಯಿಂದ ಮೇಲಕ್ಕೆತ್ತಿದಳು.

ಇಳಕಲ್ಲಿನ ನಮ್ಮ ಮನೆಯಲ್ಲಿ ನೇಯ್ದರಷ್ಟೇ ಕೂಲಿ. ಅದಕ್ಕೇ ಅಣ್ಣನ ಹೆಂಡತಿ, ನನ್ನ ವೈನಿ, ಹೊಟ್ಟೆ ಮಗ್ಗಕ್ಕೆ ತಾಗುತ್ತಿದ್ದರೂ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಲೇ ಇದ್ದಳು. ಅಂದು ಬೆಳಿಗ್ಗೆ, ಬಸುರಿಯರಿಗೆಂದು ಸರ್ಕಾರ ಕೊಡುವ ಸಹಾಯಧನ ಅವಳ ಖಾತೆಗೆ ಬಂದಿತ್ತು; ಅವ್ವ ನಿಧಾನಕ್ಕೆ ನೇಯ್ದು ಕೂಲಿ ಕಡಿಮೆಯಾದರೂ ಇನ್ನು ಮನೆ ನಡೆಯುತ್ತಿತ್ತು.

ಎದುರು ಮನೆಯ ಶಾಂತಕ್ಕ ಬಾಗಿಲಲ್ಲೇ ನಿಂತು ನಕ್ಕಳು. "ನಾವೇನ್ ಸರಕಾರದ ರೊಕ್ಕಾ ಇಸ್ಕೊಂಡು ಹಡದೇವೇನ? ಈಗಿನವ್ರು ಭಾಳ ನಾಜೂಕ ಬಿಡವಾ."

ಅವ್ವ ನನ್ನತ್ತ ಬೆರಳು ಮಾಡಿದಳು. "ಇಕಿನ್ನ ಹಡಿಯೂ ದಿನಾ ಬ್ಯಾನಿ ಸುರುವಾದ್ರೂ ನಾ ಇದ ಕುಣ್ಯಾಗ ಇದ್ನಿ. ಎದ್ದಿದ್ರ ಕೂಲಿ ಯಾರ್ ಕೊಡ್ತಿದ್ರು? ನನಗಾದದ್ದು ನನ್ನ ಸೊಸಿಗಿ ಬ್ಯಾಡ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿಗಿಳಿದು, ವೈನಿ ಅರ್ಧಕ್ಕೆ ಬಿಟ್ಟ ಸೀರೆಯನ್ನು ಮುಂದುವರಿಸಿದಳು.

ಈ ಹಣ ಕೊಡಬೇಕೇ ಎಂದು ಯಾರಾದರೂ ಕೇಳಿದರೆ, ಕೊಡಲೇಬೇಕು ಎನ್ನುತ್ತೇನೆ. ಅವ್ವನಿಗೆ ಸಿಗದ ಬಿಡುವು ವೈನಿಗೆ ಸಿಕ್ಕಿತು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು; ಈ ಸಹಾಯಧನಕ್ಕೆ ವೈನಿಯ ಅರ್ಜಿ ಬರೆದವಳೂ ನಾನೇ.