ಕುರ್ಚಿಯ ಮೇಲಿನ ಕಂಬಳಿ

ಪದವಿ ಮುಗಿಸಿ ಎರಡು ವರ್ಷ ಕಾದ ಮೇಲೆ ಸಿಕ್ಕಿದ ಕೆಲಸ ನನ್ನನ್ನು ಹಿರಿಯೂರಿನ ಬಳಿಯ ಬಬ್ಬೂರಿಗೆ, ಒಂದು ಬೀಜದ ಗೋದಾಮಿಗೆ ಕಳಿಸಿತ್ತು. ತೇವಾಂಶ ಅಳೆಯುವ ಯಂತ್ರದೊಳಗೆ ಸೆರಾಮಿಕ್ ಕವಚದ ಚಿಪ್ ಒಂದನ್ನು ಕೂರಿಸಬೇಕಿತ್ತು. ಮೈಯಲ್ಲಿ ಸೇರಿಕೊಂಡ ಸ್ಥಿರ ವಿದ್ಯುತ್ತು ಬೆರಳ ತುದಿಯಿಂದ ಹಾರಿದರೆ ಚಿಪ್ ಸದ್ದಿಲ್ಲದೆ ಸಾಯುತ್ತದೆ. ಕೊಟ್ಟಿದ್ದ ಮೂರರಲ್ಲಿ ಎರಡು ಹಾಗೆಯೇ ಸತ್ತಿದ್ದವು. ಮೂರನೆಯದು ಹೋದರೆ ಕೆಲಸವೂ ಹೋಗುತ್ತದೆಂದು ಮೇಲಧಿಕಾರಿ ಫೋನಿನಲ್ಲಿ ತಿಳಿಸಿದ್ದರು.

ಆ ವಾರ ನನ್ನೊಡನೆ ಮಾತಾಡುತ್ತಿದ್ದವನು ಕಾವಲುಗಾರ ಈರಣ್ಣ ಒಬ್ಬನೇ. ಕುರಿ ಸಾಕುವ ಮನೆಯವನು. ದಿನವೂ ಬೆಳಿಗ್ಗೆ ನನ್ನ ಕಬ್ಬಿಣದ ಕುರ್ಚಿಯ ಮೇಲೆ ತನ್ನ ಕಂಬಳಿ ಮಡಿಸಿ ಹಾಸಿ, "ಕುಂತ್ಕಳ್ರಿ, ಚಳಿ ಐತೆ" ಎನ್ನುತ್ತಿದ್ದ. ಚಿಪ್‌ಗಳ ಹಾನಿಗೆ ಕಾರಣ ಆ ಕಂಬಳಿಯೇ ಎಂದು ನನಗೆ ಹೊಳೆದದ್ದು ನಾಲ್ಕನೆಯ ದಿನ. ತೆಗೆಯಲು ಹೇಳಿದೆ.

"ಯಾಕ್ರಿ, ನಮ್ಮ ಕಂಬಳಿ ಮ್ಯಾಲೆ ಕುಂತ್ರೆ ಮೈಲಿಗೇನು?"

ನನ್ನ ನೈಲಾನ್ ಅಂಗಿಯನ್ನು ಕಂಬಳಿಗೆ ಉಜ್ಜಿ, ಬೆರಳನ್ನು ಬಾಗಿಲ ಚಿಲಕಕ್ಕೆ ಒಡ್ಡಿ ಕಿಡಿ ತೋರಿಸಿದೆ.

"ಇದು ನಮಗೇನು ಹೊಸದೇನ್ರಿ? ಕುರಿ ಮೈಯಾಗೂ ಐತೆ. ಒಂದು ಕುರೀನೂ ಸತ್ತಿಲ್ಲ."

ಅವನ ತರ್ಕದಲ್ಲಿ ದೋಷವಿತ್ತು. ಅದನ್ನು ವಿವರವಾಗಿ, ಅಗತ್ಯಕ್ಕಿಂತ ಹೆಚ್ಚು ವಿವರವಾಗಿ, ಹೇಳಿದೆ. ಅವನು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ನೆಲಕ್ಕೆ ನೀರು ಚಿಮುಕಿಸಿದೆ. ಮೈಯ ವಿದ್ಯುತ್ತು ನೆಲಕ್ಕಿಳಿದುಹೋಗಲೆಂದು ಮಣಿಕಟ್ಟಿಗೆ ತಾಮ್ರದ ತಂತಿ ಸುತ್ತಿ, ಅದರ ಇನ್ನೊಂದು ತುದಿಯನ್ನು ನಲ್ಲಿಯ ಕೊಳವೆಗೆ ಬಿಗಿದೆ. ಚಿಪ್ ಉಳಿಯಿತು, ಕೆಲಸವೂ ಉಳಿಯಿತು. ಕಂಬಳಿಯ ಮಾತೆತ್ತದೆ, ಹಿಂದಿನ ಹಾನಿಗೆ ಒಣಹವೆಯೇ ಕಾರಣವೆಂದು ವರದಿಯಲ್ಲಿ ಬರೆದೆ.

ಉಳಿದ ಮೂರು ದಿನ ಈರಣ್ಣ ಗೇಟು ದಾಟಿ ಒಳಗೆ ಬರಲಿಲ್ಲ. ತಣ್ಣನೆಯ ಕಬ್ಬಿಣದ ಮೇಲೆ, ಕೈಯನ್ನು ಕೊಳವೆಗೆ ಕಟ್ಟಿಕೊಂಡು, ಯಂತ್ರವನ್ನು ಪರೀಕ್ಷಿಸುತ್ತ ಒಬ್ಬನೇ ಕೂತಿದ್ದೆ. ಸೆರಾಮಿಕ್ಕಿನ ರಕ್ಷಣೆಗೆ ಇದಕ್ಕಿಂತ ಉತ್ತಮ ವ್ಯವಸ್ಥೆ ಸಾಧ್ಯವಿರಲಿಲ್ಲ.