ಚಪ್ಪಲಿ ಮೆಟ್ಟುವಾಗ ಹೇಳುವ ಮಾತು

ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಮುಂದೆ ಕೂರುವ ಹೊತ್ತಿಗೆ ನನ್ನ ಬೆನ್ನು ಆಗಲೇ ಡ್ಯೂಟಿ ಮುಗಿಸಿರುತ್ತದೆ. ರಿಟೈರ್ ಆದಮೇಲೂ, ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಫೇಲಾದ ಮಕ್ಕಳಿಗೆ ಹುಣಸೂರಿನ ಮನೆಯಿಂದಲೇ ಆನ್‌ಲೈನ್ ಪಾಠ. ಹನಗೋಡು, ಭೇರ್ಯ, ಪಿರಿಯಾಪಟ್ಟಣದ ಕಡೆಯವರು. ಪರದೆ ತುಂಬ ಕಪ್ಪು ಚೌಕಗಳು. ಒಳಗಿನಿಂದ ಕೋಳಿ, ಟ್ರ್ಯಾಕ್ಟರ್, ಯಾರದೋ ಕೆಮ್ಮು.

ಆ ವಾರವೆಲ್ಲ ಮೇನ್ ಐಡಿಯಾ, ಸಪೋರ್ಟಿಂಗ್ ಡೀಟೇಲ್ಸ್. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲಿಸಿದ್ದು ಸರಳ: ಮುಖ್ಯ ಮಾತು ಮೊದಲ ಸಾಲಿನಲ್ಲಿ, ಮಿಕ್ಕದ್ದೆಲ್ಲ ಅದಕ್ಕೆ ಆಸರೆ. ಒಂದು ಪ್ಯಾರಾಗ್ರಾಫ್ ಹಾಕಿ, ಮುಖ್ಯ ಮಾತಿಗೆ ಹಳದಿ ಬಳಿಯಿರಿ ಎಂದೆ. ಎಲ್ಲರೂ ಕೊನೆಯ ಸಾಲಿಗೇ ಬಳಿದರು. ಮರುದಿನ ಬೇರೆ ಪ್ಯಾರಾ. ಮತ್ತೆ ಕೊನೆಯ ಸಾಲು.

“ಅದ್ಯಾಕ್ರೋ ಎಲ್ಲರಿಗೂ ಕೊನೇ ಸಾಲು?”

ಹನಗೋಡಿನ ಹುಡುಗಿ ಮೈಕ್ ಆನ್ ಮಾಡಿದಳು. ಉಳಿದ ಸಬ್ಜೆಕ್ಟೆಲ್ಲ ಪಾಸು. ಇದೊಂದು ದಾಟಿದರೆ ಕಾಲೇಜು, ಇಲ್ಲದಿದ್ದರೆ ಓದು ಅಲ್ಲಿಗೇ ನಿಂತಂತೆ.

“ಮೊದ್ಲೇ ಯಾರಾದ್ರೂ ವಿಸ್ಯ ಯೋಳ್ತಾರಾ ಮಿಸ್? ನಮ್ಮನೆಗೆ ಎಣ್ಣು ಕೇಳಕ್ಕೆ ಬಂದೋರೂ ಮಳೆ, ದನ, ಕಾಪಿ ಎಲ್ಲ ಮುಗ್ಸಿ, ಚಪ್ಲಿ ಮೆಟ್ಟೋವಾಗ ಯೋಳಿದ್ರು.”

“ನಿನ್ನೇ ಕೇಳಕ್ಕೆ ಬಂದಿದ್ರೇನೇ?” ಎಂದಿತು ಒಂದು ಗಂಡು ದನಿ.

“ನಮ್ಮಕ್ಕನ್ನ ಕಣ್ಲಾ, ಬಾಯ್ಮುಚ್ಚು!”

ಕಪ್ಪು ಚೌಕಗಳೆಲ್ಲ ನಕ್ಕವು. ನನಗೂ ನಗು ಬಂತು, ಆಮೇಲೆ ಸುಸ್ತು. ಎಕ್ಸಾಮ್ ಪೇಪರಿಗೆ ಈ ಮರ್ಯಾದೆ ಗೊತ್ತಿಲ್ಲವಲ್ಲ.

ಎರಡು ದಿನದ ಮೇಲೆ ಅವಳ ತಾಯಿಯ ಫೋನ್.

“ಊಟ ಆಯ್ತಾ ಮಿಸ್ಸೇ? ನಿಮ್ಕಡೆ ಮಳೆ ಬಿತ್ತಾ? ನಮ್ದು ಒಗೆಸೊಪ್ಪು ಒಂದೇ ಸಲ ಅಣ್ಣಾಗೋಗದೆ. ಮುರ್ಯಕ್ಕೆ ಆಳಿಲ್ಲ, ಸಂಜೆಗೆ ಕಡ್ಡಿಗೆ ಕಟ್ಟಕ್ಕೂ ಜನ ಇಲ್ಲ ಕಣ್ರವ್ವ...”

ಆಸರೆಯ ಮಾತುಗಳು ಒಂದೊಂದಾಗಿ ಬರುತ್ತಿದ್ದವು. ನಾನು ಉಸಿರು ಹಿಡಿದು ಕೊನೆಯದಕ್ಕೆ ಕಾದೆ.

“ಬತ್ತೀನಿ ಮಿಸ್ಸೇ. ಮಗ್ಳು ನಾಳಿಂದ ಕ್ಲಾಸಿಗೆ ಬರಾಕಿಲ್ಲ.”

ಮಕ್ಕಳ ಫ್ಯೂಚರ್ ಎಂದು ಮೊದಲ ಸಾಲಿನಲ್ಲೇ ಶುರುಮಾಡಿ ಎಷ್ಟೋ ತಾಯಂದಿರನ್ನು ಕಳೆದುಕೊಂಡಿದ್ದೇನೆ. ಈ ಸಲ ಹಸು ಕರು ಹಾಕಿತೇ ಎಂದು ಕೇಳಿದೆ. ಸೊಂಟನೋವಿನ ಸುದ್ದಿ ಇಬ್ಬರದೂ ಆಯಿತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಬೆಂಕಿಯನ್ನು ಬೆಳಗಿನ ಜಾವ ಯಾರು ನೋಡುತ್ತಾರೆ ಎಂದೆ.

“ಅವ್ಳೇ ಕಣ್ರವ್ವ. ಸೌದೆ ತಳ್ಕೊಂಡು ಸುಮ್ನೆ ಕೂತಿರ್ತಾಳೆ.”

“ಸರಿ ಕಣಮ್ಮ, ಇಡ್ತೀನಿ,” ಎಂದೆ. ಇಡಲಿಲ್ಲ. “ನಾಳೆ ಬೆಳಿಗ್ಗೆ ಐದೂವರೆಗೆ ಫೋನ್ ಅವಳ ಕೈಲಿರಲಿ. ನಾನೇ ಮಾಡ್ತೀನಿ.”

“ನೋಡಾಣ ಬುಡಿ.”

ನನ್ನ ವಯಸ್ಸಿಗೆ ಐದೂವರೆ ಅಂದರೆ ಪನಿಶ್‌ಮೆಂಟೇ. ಮರುದಿನ ಶಾಲು ಹೊದ್ದು ವಿಡಿಯೋ ಕಾಲ್ ಮಾಡಿದೆ. ಬಹಳ ಹೊತ್ತು ರಿಂಗಾಗಿ, ಬೆಂಕಿಯ ಬೆಳಕಿನಲ್ಲಿ ಅರ್ಧ ಮುಖ ಕಾಣಿಸಿತು.

“ನಿದ್ದೆ ಬತ್ತಾ ಅದೆ ಮಿಸ್.”

“ನಂಗೂ ಕಣೇ. ಪುಸ್ತಕ ತೆಗಿ, ಮೊದಲ ಸಾಲು ಓದು.”

ಅವಳು ಆಕಳಿಸಿ, ಸೌದೆಯೊಂದನ್ನು ಒಳಗೆ ತಳ್ಳಿ, ಮೊದಲ ಸಾಲಿನಿಂದ ಓದತೊಡಗಿದಳು.