ಎಲೆಕ್ಟ್ರಾ ಸ್ಟ್ರೀಟಿನ ಗುಡ್ಡೆ

ನನ್ನ ಗಂಡ ಮೋಹನದಾಸರು ಅಬುಧಾಬಿಗೆ ಬಂದು ಮೂವತ್ತು ವರ್ಷ ಆಗುತ್ತ ಬಂತು. ಅಷ್ಟೂ ವರ್ಷ ಒಂದೇ ಕೆಲಸ. ಲಿಫ್ಟ್ ರಿಪೇರಿ ಕಂಪನಿಯ ಆಫೀಸಿನಲ್ಲಿ ಕುಳಿತು ಯಾವ ಬಿಲ್ಡಿಂಗಿಗೆ ಯಾವ ಮೆಕ್ಯಾನಿಕ್ ಹೋಗಬೇಕು ಎಂದು ಫೋನಿನಲ್ಲಿ ಹೇಳುವುದು. ಜನ ಮೆಟ್ಟಿಲು ಹತ್ತದಿದ್ದರೆ ನಮ್ಮ ಮನೆಯಲ್ಲಿ ಅನ್ನ. ಅದನ್ನು ಇವರು ತಮ್ಮಿಂದಲೇ ಶುರು ಮಾಡಿದ್ದರು. ಮೊದಲ ಮಹಡಿಯ ಹಲ್ಲಿನ ಡಾಕ್ಟರಲ್ಲಿಗೆ ಹೋಗುವುದಕ್ಕೂ ಲಿಫ್ಟ್ ಬರುವ ತನಕ ದವಡೆ ಹಿಡಿದುಕೊಂಡು ಕಾದ ಮನುಷ್ಯ. ಅಂಥವರು ಇಂಗ್ಲೆಂಡಿನ ಗುಡ್ಡ ಹತ್ತುವವರ ಹಾಗೆ ಆದದ್ದು ಹೇಗೆಂದು ಹೇಳುತ್ತೇನೆ. ನಡುವೆ ನನಗೆ ಸಿಟ್ಟು ಬಂದರೆ ಸುಧಾರಿಸಿಕೊಳ್ಳಿ.

ನಮಗೆ ಒಬ್ಬಳೇ ಮಗಳು, ಅಮಿತಾ. ಇಲ್ಲಿಯೇ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಬೆಳೆದವಳು. ಈಗ ಇಂಗ್ಲೆಂಡಿನ ಉತ್ತರದ ಕಡೆ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಭಾನುವಾರ ಅವಳಿಗೆ ಬೆಳಿಗ್ಗೆ, ನಮಗೆ ಮಧ್ಯಾಹ್ನ, ಆಗ ಫೋನ್ ಮಾಡುತ್ತಾಳೆ. ಅಪ್ಪ ಮಗಳ ಮಾತು ಹೀಗಿರುತ್ತಿತ್ತು:

"ತಿಂಡಿ ಆಯ್ತಾ?"

"ಆಯ್ತು ಪಪ್ಪಾ."

"ಚಳಿ ಉಂಟಾ?"

"ಉಂಟು."

"ಹಾಂ. ಅಮ್ಮನಿಗೆ ಕೊಡ್ತೇನೆ."

ಪ್ರೀತಿ ಇಲ್ಲವೆಂದಲ್ಲ. ಅವಳನ್ನು ಏರ್‌ಪೋರ್ಟಿಗೆ ಬಿಟ್ಟು ಬಂದ ದಿನ ಅವಳ ಹಳೆಯ ಸ್ಕೂಲ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು, ಊಟಕ್ಕೆ ಕರೆದರೂ ಏಳಲಿಲ್ಲ. ಮಾತು ಮಾತ್ರ ಬರುತ್ತಿರಲಿಲ್ಲ. ಮಗಳಾದರೂ ಅಷ್ಟೇ, ನಾವು ಕನ್ನಡದಲ್ಲೋ ತುಳುವಿನಲ್ಲೋ ಕೇಳಿದರೆ ಅವಳು ಇಂಗ್ಲಿಷ್ ಬೆರೆಸಿ ಎರಡು ಶಬ್ದ ಹೇಳಿ ಮುಗಿಸುವವಳು.

ಅಲ್ಲಿಗೆ ಹೋದ ಮೇಲೆ ಅವಳಿಗೆ ಗುಡ್ಡ ಹತ್ತುವ ಹುಚ್ಚು ಹಿಡಿಯಿತು. ಭಾನುವಾರ ಬಂತೆಂದರೆ ದಪ್ಪ ಬೂಟು ಹಾಕಿ ಹೊರಡುವುದು. ಒಂದು ಭಾನುವಾರ ಇವರು ಬಂಗುಡೆ ತರಲು ಮಾರ್ಕೆಟ್ಟಿಗೆ ಹೋಗಿ ಬರುವಾಗ ವಾಚ್‌ಮನ್ "ಲಿಫ್ಟ್ ಮಾಫಿ" ಅಂದ, ಅರಬಿಯಲ್ಲಿ ಮಾಫಿ ಅಂದರೆ ಇಲ್ಲ. ಲಿಫ್ಟ್ ಕಂಪನಿಯವರು ಇರುವ ಬಿಲ್ಡಿಂಗಿನ ಲಿಫ್ಟೇ ಕೆಟ್ಟದ್ದು. ನಮ್ಮ ಮನೆ ಹದಿನಾಲ್ಕನೇ ಮಹಡಿಯಲ್ಲಿ. ಇವರು ಕೈಯಲ್ಲಿ ಮೀನಿನ ಚೀಲ ಹಿಡಿದು ಐದನೇ ಮಹಡಿಯಲ್ಲಿ ಜೀವ ಹೋಗುವ ಹಾಗೆ ಉಸಿರು ಬಿಡುತ್ತಿರುವಾಗ, ಅಲ್ಲಿ ಗುಡ್ಡ ಹತ್ತುತ್ತಿದ್ದ ಮಗಳ ಫೋನ್ ಬಂತು.

"ಪಪ್ಪಾ, ನಿಮಗೂ ದಮ್ಮು ಹತ್ತಿದೆ. ಆರ್ ಯು ವಾಕಿಂಗ್?"

"ಹೌದು ಮಗಾ. ಹತ್ತುತ್ತಾ ಇದ್ದೇನೆ."

"ಗುಡ್ಡೆಯಾ? ಎಲ್ಲಿ?"

ಇಲ್ಲ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಅವಳ ಸ್ವರದಲ್ಲಿ ಅಷ್ಟು ಖುಷಿ ಇತ್ತಂತೆ. ಇವರ ಬಾಯಿಂದ "ಹತ್ತಾ" ಎಂದು ಬಂದುಬಿಟ್ಟಿತು. ಹತ್ತಾ ಅಂದರೆ ದುಬೈಯವರು ರಜೆಯಲ್ಲಿ ಹೋಗುವ ಬೆಟ್ಟದ ಊರು. ಇವರು ಅದನ್ನು ಕ್ಯಾಲೆಂಡರಿನಲ್ಲಿ ನೋಡಿದ್ದು ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

ಆ ದಿನ ಅವಳು ಒಂದು ಗಂಟೆ ಮಾತಾಡಿದಳು. ಅಲ್ಲಿಯ ಕಲ್ಲಿನ ಗೋಡೆ, ಗೋಡೆ ದಾಟಲು ಇಟ್ಟ ಮರದ ಮೆಟ್ಟಿಲು, ದಾರಿಗೆ ಅಡ್ಡ ಮಲಗಿದ ಕುರಿ, ಮಂಜು, ಒಂದೇ ಬೆಳಿಗ್ಗೆಯಲ್ಲಿ ನಾಲ್ಕು ಸಲ ಬಂದು ಹೋಗುವ ಮಳೆ. ದಾರಿಯಲ್ಲಿ ಎದುರು ಬಂದವರೆಲ್ಲ ನಮಸ್ಕಾರ ಹೇಳುತ್ತಾರಂತೆ. ಗೇಟು ದಾಟಿದರೆ ತಿರುಗಿ ಮುಚ್ಚಲೇಬೇಕಂತೆ, ಇಲ್ಲವಾದರೆ ಕುರಿ ಹೊರಗೆ ಹೋಗುತ್ತದೆ. ಕೊನೆಗೆ, ಮೊದಲ ಚಳಿಗಾಲದಲ್ಲಿ ರೂಮಿನಲ್ಲಿ ಕುಳಿತು ಅತ್ತದ್ದನ್ನೂ ಹೇಳಿದಳು. ನನಗೆ ಹೇಳದ ಮಾತು ಅದು. ಇವರಿಗೆ ಏದುಸಿರಿನಲ್ಲಿ ಉಪದೇಶ ಮಾಡಲಾಗಲಿಲ್ಲ, ಹೂಂಗುಟ್ಟುವುದಷ್ಟೇ ಸಾಧ್ಯವಾಯಿತು. ಅದಕ್ಕೇ ಅವಳು ಹೇಳಿದಳೋ ಏನೋ.

ಸಂಜೆಗೆ ಲಿಫ್ಟ್ ಸರಿಯಾಯಿತು. ಇವರು ಸರಿಯಾಗಲಿಲ್ಲ. ಮುಂದಿನ ಭಾನುವಾರ ಫೋನಿನ ಹೊತ್ತಿಗೆ ಕೆಳಗಿಳಿದು ಮೆಟ್ಟಿಲು ಹತ್ತತೊಡಗಿದರು. ಅದರ ಮುಂದಿನ ವಾರವೂ ಹಾಗೆಯೇ. ಮಗಳು ಪಾರ್ಸೆಲ್ ಬೇರೆ ಕಳಿಸಿದಳು: ಮಳೆಕೋಟು, ಉಣ್ಣೆಯ ಟೊಪ್ಪಿ, ಊರುಗೋಲು, ದಿಕ್ಸೂಚಿ. ಜುಲೈ ತಿಂಗಳಿನಲ್ಲಿ, ಎಸಿ ಇಲ್ಲದ ಆ ಮೆಟ್ಟಿಲಲ್ಲಿ, ಈ ಮನುಷ್ಯ ಮಳೆಕೋಟು ಹಾಕಿ ಹತ್ತಿದರು. "ನಿಮಗೆಂತ ಮರುಳಾ?" ಎಂದು ಕೇಳಿದೆ. "ಅವಳು ಹಾಕಿದ್ದೀರಾ ಅಂತ ಕೇಳ್ತಾಳೆ, ಸುಳ್ಳು ಹೇಳುವುದು ಹೇಗೆ?" ಅಂದರು. ಎಲ್ಲಿ ಸತ್ಯ ಹೇಳಬೇಕೆಂದು ಇವರಿಗೆ ಒಂದು ಲೆಕ್ಕ ಇತ್ತು.

ಅವಳು "ಪಪ್ಪಾ, ಗೇಟ್ ಬಂತು" ಅಂದರೆ ಇವರೂ ತಾವಿದ್ದ ಮಹಡಿಯ ಮೆಟ್ಟಿಲಿನ ಬಾಗಿಲನ್ನು ತೆರೆದು ಟಪ್ಪನೆ ಮುಚ್ಚಿ "ಇಲ್ಲಿಯೂ ಬಂತು" ಅನ್ನುವುದು. "ಅಲ್ಲಿ ಕುರಿ ಉಂಟಾ?" "ಇಲ್ಲಿ ಆಡು, ಆಡು." ಫೋಟೋ ಕಳಿಸಿ ಅಂದಾಗ ಹಿಂದಿನ ಗಲ್ಲಿಯಲ್ಲಿ ಕಟ್ಟಡದ ಕೆಲಸಕ್ಕೆ ಸುರಿದ ಮರಳಿನ ರಾಶಿಯ ಮುಂದೆ ಊರುಗೋಲು ಹಿಡಿದು ನಿಂತರು. ಫೋಟೋ ತೆಗೆದವಳು ನಾನೇ. ಹಿಂದೆ ಸಿಮೆಂಟ್ ಲಾರಿಯ ಚಕ್ರ ಕಾಣದ ಹಾಗೆ ತೆಗೆಯಬೇಕಾದರೆ ನೆಲದಲ್ಲಿ ಕೂರಬೇಕಾಯಿತು.

ಒಂಬತ್ತನೇ ಮಹಡಿಯಲ್ಲಿ ನಮ್ಮ ಹಳೆಯ ನೆರೆಯವರು ಅಲಿಯಬ್ಬ ಮತ್ತು ಜುಬೈದ ಇದ್ದಾರೆ, ಉಳ್ಳಾಲದ ಕಡೆಯವರು. ಜುಬೈದ ಒಂದು ದಿನ ಮೆಟ್ಟಿಲಿನ ಬಾಗಿಲು ತೆರೆದು, "ಎಂತ ಮೋಹನಣ್ಣ ಈ ಅವತಾರ? ಬನ್ನಿ, ಚಾ ಕುಡಿದು ಹೋಗಿ" ಎಂದು ಕರೆದಳು. ಇವರು ಬಾಯಿಗೆ ಬೆರಳಿಟ್ಟರು.

"ಯಾರದು ಪಪ್ಪಾ?"

"ಗುಡ್ಡೆಯಲ್ಲಿ ಸಿಕ್ಕಿದವರು ಮಗಾ. ಇಲ್ಲಿಯೂ ಎಲ್ಲರೂ ಮಾತಾಡಿಸ್ತಾರೆ."

ಹೀಗೆ ನಡೆಯುತ್ತಿರುವಾಗ ಅಮಿತಾ ಡಿಸೆಂಬರ್ ರಜೆಗೆ ಬರುತ್ತೇನೆಂದಳು. ಬಂದವಳು ಸೂಟ್‌ಕೇಸ್ ಬಿಚ್ಚುವ ಮೊದಲು ಬೂಟು ತೆಗೆದಿಟ್ಟು, "ಪಪ್ಪಾ, ಯಲ್ಲಾ, ಹೊರಡಿ, ನಿಮ್ಮ ಗುಡ್ಡೆಗೆ ಹೋಗುವ" ಅಂದಳು. ಇವರು ಅಡುಗೆಮನೆಗೆ ಬಂದು ನನ್ನ ಹತ್ತಿರ ಪಿಸುಗುಟ್ಟಿದರು:

"ಇಂದ್ರಾಣಿ, ಗೊತ್ತಾದ್ರೆ ಖಲಾಸ್. ಸುಳ್ಳ ಅಪ್ಪನ ಹತ್ತಿರ ಯಾರು ಮಾತಾಡ್ತಾರೆ? ಮತ್ತೆ ತಿಂಡಿ ಆಯ್ತಾ, ಚಳಿ ಉಂಟಾ, ಅಷ್ಟೇ."

"ಸೊಂಟ ನೋವು ಅಂತ ಹೇಳಿ."

"ಅವಳು ಫಿಸಿಯೋಥೆರಪಿಸ್ಟ್ ಮಾರಾಯ್ತಿ."

ಹೋಗದೆ ವಿಧಿ ಇರಲಿಲ್ಲ. ಬೆಳಿಗ್ಗೆ ಬೇಗ ಹೊರಟೆವು. ಇಂಗ್ಲೆಂಡಿನವರು ಗುಡ್ಡಕ್ಕೆ ಹೋಗುವಾಗ ಎರಡು ತುಂಡು ಬ್ರೆಡ್ಡು ಕಟ್ಟಿಕೊಳ್ಳುತ್ತಾರಂತೆ. ನಾನು ಕೋರಿರೊಟ್ಟಿ, ಕುಕ್ಕರ್ ತುಂಬ ಕೋಳಿಸಾರು, ಚಾಪೆ, ನೀರಿನ ಕ್ಯಾನು ಎಲ್ಲ ತೆಗೆದುಕೊಂಡೆ.

ಹತ್ತಾದಲ್ಲಿ ಬೆಟ್ಟಗಳು ಸುಟ್ಟ ಇಟ್ಟಿಗೆಯ ಬಣ್ಣಕ್ಕಿದ್ದವು, ಹುಲ್ಲು ಮಾಫಿ. ಕಾಲುದಾರಿಗೆ ಬೋರ್ಡು ಹಾಕಿದ್ದರಿಂದ ಇವರ ಮಾನ ಉಳಿಯಿತು. ಇವರು ಮುಂದೆ, ಮಗಳು ಹಿಂದೆ, ಕುಕ್ಕರ್ ಹಿಡಿದು ನಾನು ಕೊನೆಗೆ. ಇವರು ಹತ್ತಿದ್ದನ್ನು ನೋಡಿ ನನಗೇ ಆಶ್ಚರ್ಯವಾಯಿತು. ದಮ್ಮು ಹತ್ತುವುದಿಲ್ಲ, ಕಾಲು ನಡುಗುವುದಿಲ್ಲ, ಸರಾಗವಾಗಿ ಹೋಗುತ್ತಿದ್ದಾರೆ. ಇನ್ನೇನು ಪಾರಾದೆವು ಅಂದುಕೊಂಡೆ.

ಅಷ್ಟರಲ್ಲಿ ನೋಡುತ್ತೇನೆ, ಮನುಷ್ಯ ನೆಟ್ಟಗೆ ಹೋಗುತ್ತಿಲ್ಲ. ದಾರಿ ನೇರವಾಗಿ ಮೇಲೆ ಹೋಗುತ್ತಿದೆ, ಇವರು ಸ್ವಲ್ಪ ಹತ್ತಿ ಗಕ್ಕನೆ ಎಡಕ್ಕೆ ತಿರುಗಿ ಹಿಂದೆ ಮುಖ ಮಾಡುತ್ತಾರೆ. ನಮ್ಮನ್ನು ನೋಡಿ ಬೆಚ್ಚಿ ಮತ್ತೆ ಮೇಲೆ ತಿರುಗುತ್ತಾರೆ. ಮತ್ತೆ ಸ್ವಲ್ಪ ಹತ್ತುವುದು, ಮತ್ತೆ ಎಡಕ್ಕೆ. ಮೆಟ್ಟಿಲು ತಿರುಗುವ ಜಾಗದಲ್ಲಿ ತಿರುಗಿ ತಿರುಗಿ ಕಾಲಿಗೆ ಅದೇ ಅಭ್ಯಾಸವಾಗಿತ್ತು. ಎಡಗೈ ಗಾಳಿಯಲ್ಲಿ ಕಂಬಿ ಹುಡುಕುತ್ತಿತ್ತು. ಒಂದು ಕಡೆಯಂತೂ ನಿಂತು, ಇಲ್ಲದ ಬಾಗಿಲನ್ನು ಹಿಂದಕ್ಕೆ ಕೈ ಚಾಚಿ ಮುಚ್ಚಿದರು. ಎದುರು ಬಂದ ದಂಪತಿ ದೂರ ಸರಿದು ನಿಂತು ದಾರಿ ಬಿಟ್ಟರು.

ಅಮಿತಾ ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇವರು ತಲೆ ತಗ್ಗಿಸಿ ನಿಂತರು. ನಾನು ಚಾಪೆ ಹಾಸಿ ಕುಕ್ಕರ್ ಮುಚ್ಚಳ ತೆಗೆದೆ. ಬೇರೇನು ಮಾಡುವುದೆಂದು ನನಗೆ ತೋಚಲಿಲ್ಲ.

"ನಾನು ಹತ್ತಾಕ್ಕೆ ಬರುವುದು ಇದೇ ಮೊದಲು" ಅಂದರು ಇವರು. "ಮೆಟ್ಟಿಲು ಹತ್ತುತ್ತಿದ್ದದ್ದು ಮಗಾ."

"ನಂಗೆ ಗೊತ್ತುಂಟು ಪಪ್ಪಾ. ಫ್ರಂ ದ ಸೆಕೆಂಡ್ ಸಂಡೇ."

"ಹೇಗೆ?"

"ಯಾವ ಗುಡ್ಡೆಯಲ್ಲಿ ಕುಕ್ಕರ್ ವಿಸಿಲ್ ಹೊಡೀತದೆ? ಒಂದೊಂದು ಗೇಟಿಗೆ ಒಂದೊಂದು ಕುಕ್ಕರ್. ಮತ್ತೆ ಜುಬೈದ ಆಂಟಿಯ ಸ್ವರ ನಂಗೆ ಗೊತ್ತಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ರೊಟ್ಟಿ ಮುರಿದು ಸಾರಿನಲ್ಲಿ ಅದ್ದುತ್ತ ಕುಳಿತಳು. ನಗು ನಿಂತಿತ್ತು.

"ಹೇಳಿದ್ರೆ ನೀವು 'ಅಮ್ಮನಿಗೆ ಕೊಡ್ತೇನೆ' ಅಂತಿದ್ರಿ" ಅಂದಳು.

ಇವರು ತಮ್ಮ ತಟ್ಟೆಯ ಕೋಳಿ ತುಂಡನ್ನು ತೆಗೆದು ಅವಳ ತಟ್ಟೆಗೆ ಹಾಕಿದರು. ನಾನು ಮೂಗು ಒರೆಸಿ, ಸಾರಿಗೆ ಖಾರ ಜಾಸ್ತಿ ಆಯಿತೆಂದು ಗೊಣಗಿದೆ.

ಅವಳು ವಾಪಸು ಹೋದ ಮೇಲೆ ಇವರು ಮಳೆಕೋಟಿಲ್ಲದೆ ಮೆಟ್ಟಿಲು ಹತ್ತುತ್ತಿದ್ದಾರೆ. "ಈಗ ಒಂಬತ್ತನೇ ಮಾಳಿಗೆ, ಜುಬೈದನಲ್ಲಿ ತುಪ್ಪದನ್ನ" ಎಂದು ರಾಜಾರೋಷವಾಗಿ ಹೇಳುತ್ತಾರೆ. ಕಳೆದ ಭಾನುವಾರ ಮಾತ್ರ ಕಾಲು ಉಳುಕಿ ಸೋಫಾದಲ್ಲಿ ಕುಳಿತಿದ್ದರು. ಫೋನ್ ಬಂತು.

"ಇವತ್ತು ಸೋಫಾ ಮಗಾ" ಅಂದರು. ಆ ಕಡೆಯಿಂದ ಗಾಳಿಯ ಸದ್ದು ಮಾತ್ರ ಕೇಳಿಸುತ್ತಿತ್ತು. ಹಳೆಯ ಅಭ್ಯಾಸದಲ್ಲಿ ಇವರ ಫೋನ್ ಹಿಡಿದ ಕೈ ನನ್ನ ಕಡೆ ಬರತೊಡಗಿತು. ನಾನು ಸೆರಗಿಗೆ ಕೈ ಒರೆಸಿ ಚಾಚಿದೆ. ಎಷ್ಟು ತಿಂಗಳಾಯಿತು ನನ್ನ ಮಗಳ ಹತ್ತಿರ ಸಮಾ ಮಾತಾಡಿ.

"ಪಪ್ಪಾ, ಗೇಟ್ ಬಂತು. ಒಂದು ನಿಮಿಷ, ಲೈನಲ್ಲೇ ಇರಿ" ಎಂದಿತು ಫೋನು.

ಇವರು ಕೈ ಹಿಂದೆ ತೆಗೆದುಕೊಂಡರು. "ಸರಿ ಮುಚ್ಚು, ಕುರಿ ಹೊರಗೆ ಹೋದೀತು" ಅನ್ನುತ್ತ ಕಾಲನ್ನು ದಿಂಬಿನ ಮೇಲಿಟ್ಟು ಒರಗಿದರು. ಚಾಚಿದ ನನ್ನ ಕೈ ಹಾಗೆಯೇ ಇತ್ತು, ನೋಡಲೂ ಇಲ್ಲ.

ನಾನು ಒಳಗೆ ಹೋಗಿ ಕುಕ್ಕರ್ ಇಟ್ಟೆ. ನನ್ನದೂ ಒಂದು ವಿಸಿಲ್ ಅವಳಿಗೆ ಕೇಳಲಿ.